ಎಡಕ್ಕೆ ವಾಲಿದ ವ್ಯಾನೂ ಬೆಲ್ಲದ ತುಲಾಭಾರವೂ

ನನ್ನ ವ್ಯಾನಿನಂಥ ವ್ಯಾನು ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರೂ ತಾಲೂಕುಗಳಲ್ಲಿ ಇನ್ನೊಂದಿಲ್ಲ. ನಾಲ್ಕನೆಯ ತಾಲೂಕಿನಲ್ಲೂ ಇಲ್ಲ, ಆದರೆ ನಾನು ವಿನಯವಂತನಾದ್ದರಿಂದ ಮೂರಕ್ಕೇ ನಿಲ್ಲಿಸಿದ್ದೇನೆ. ಅದು ಹತ್ತಿದ ಘಟ್ಟಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿದರೆ ಹಿಮಾಲಯ ನಾಚಿ ಕುಳಿತುಬಿಟ್ಟೀತು. ಒಮ್ಮೆ ಸಿದ್ದಾಪುರದ ಮದುವೆಯೊಂದಕ್ಕೆ ಅದರಲ್ಲಿ ಹನ್ನೊಂದು ಜನ, ಎರಡು ಹಲಸಿನಹಣ್ಣು ಮತ್ತು ಮುನಿಸಿಕೊಂಡ ಒಬ್ಬ ಸೋದರಮಾವನನ್ನು ಸಾಗಿಸಿದ್ದೇನೆ. ಮುನಿಸಿಕೊಂಡ ಸೋದರಮಾವ ಒಬ್ಬನೇ ಮೂರು ಜನರ ಜಾಗ ಹಿಡಿಯುತ್ತಾನೆಂಬುದು ಬಾಡಿಗೆ ಗಾಡಿ ಓಡಿಸಿದವರಿಗೆಲ್ಲ ಗೊತ್ತು.

ಇಂಥ ಗಾಡಿಗೆ ಒಂದೇ ಒಂದು ಸಣ್ಣ ವಿಶೇಷವಿತ್ತು. ನಿಂತಾಗ ಎಡಕ್ಕೆ ವಾಲುತ್ತಿತ್ತು, ಓಡುವಾಗ ಎಡಕ್ಕೆ ಎಳೆಯುತ್ತಿತ್ತು. ಸ್ಟೀರಿಂಗನ್ನು ಸದಾ ಬಲಕ್ಕೆ ಜಗ್ಗಿ ಹಿಡಿದರೆ ಮಾತ್ರ ನೇರ ಹೋಗುತ್ತಿತ್ತು. ಹಾಗೆ ಜಗ್ಗಿ ಜಗ್ಗಿ ನನ್ನ ಬಲಗೈ ಪೈಲ್ವಾನನದಾಗಿತ್ತು, ಎಡಗೈ ಮಾತ್ರ ಗುಮಾಸ್ತನದಾಗಿಯೇ ಉಳಿದಿತ್ತು. ಇಸಳೂರಿನ ನಮ್ಮ ಹೊಸ ಬಡಾವಣೆಯಲ್ಲಿ ದೂರದಿಂದ ಬರುವ ಗಾಡಿ ಈ ಚನ್ನಯ್ಯನದು ಎಂದು ಗುರುತಿಸಲು ಯಾರಿಗೂ ನಂಬರ್ ಪ್ಲೇಟು ಬೇಕಿರಲಿಲ್ಲ.

ನಾನಂತೂ ಅದನ್ನು ಗಾಡಿಯ ಠೀವಿ ಎಂದೇ ಹೇಳಿಕೊಂಡು ಬಂದಿದ್ದೆ. ಆದರೆ ಎಫ್‌ಸಿ ಮುಗಿಯಲು ಬಂತು. ಹಳದಿ ಬೋರ್ಡಿನ ಗಾಡಿ ಓಡಲು ಯೋಗ್ಯವೆಂದು ಸಾರಿಗೆ ಇಲಾಖೆ ಕೊಡುವ ಆ ಪತ್ರ ಸಿಗದಿದ್ದರೆ ಗಾಡಿಗೂ ಬಾಡಿಗೆಗೂ ನನ್ನ ಅನ್ನಕ್ಕೂ ನಮಸ್ಕಾರ. ಹಿಂದಿನ ಸಲವೇ ಇನ್ಸ್‌ಪೆಕ್ಟರ್ ಸಾಹೇಬರು ಗಾಡಿಯ ಎದುರು ನಿಂತು, ತಮ್ಮ ತಲೆಯನ್ನೂ ಅದೇ ಕೋನಕ್ಕೆ ವಾಲಿಸಿ ನೋಡಿ, "ಮುಂದಿನ ಸಲ ಹೀಂಗೇ ತಂದ್ರೆ ಸೀದಾ ಗುಜರಿಗೆ ಹಾಕ್ರಿ" ಎಂದಿದ್ದರು.

ಗುಜರಿಗಿಂತ ಮೊದಲೇ ಒಬ್ಬ ಗಿರಾಕಿ ಬಾಯಿ ತೆರೆದು ಕೂತಿದ್ದ. ನನ್ನ ಹೆಂಡತಿ ನೀಲಗಂಗವ್ವನ ತಮ್ಮ ಸದಾಶಿವ. ಬನವಾಸಿ ರಸ್ತೆಯಲ್ಲಿ ಗಿರ್ಮಿಟ್ ಅಂಗಡಿ ತೆಗೆಯುವ ಹಂಬಲ ಅವನಿಗೆ. "ಮಾಮಾ, ಎಫ್‌ಸಿ ಆಗೂದಿಲ್ಲ ಬಿಡು. ಗಾಲಿ ಬಿಚ್ಚಿ ಇಟ್ಟಂಗಿ ಮ್ಯಾಲೆ ಕೂಡ್ರಸ್ತೀನಿ. ಹಿಂದ ಮಿರ್ಚಿ, ಮುಂದ ಗಿರ್ಮಿಟ್. ನೀ ಡ್ರೈವರ್ ಸೀಟಿನಾಗ ಕುಂತು ಉಳ್ಳಾಗಡ್ಡಿ ಹೆಚ್ಚು" ಎಂದು ಫೋನಿನಲ್ಲಿ ಸಾಂತ್ವನ ಹೇಳುತ್ತಿದ್ದ. ಬೋರ್ಡನ್ನೂ ಬರೆಸಿ ಒಣಗಲು ಇಟ್ಟಿದ್ದನಂತೆ.

ಘಟ್ಟ ಗೆದ್ದ ಗಾಡಿ ಮಿರ್ಚಿ ಕರಿಯುವುದೆ? ನಾನು ಗಾಡಿಯನ್ನು ಶಿರಸಿಯ ವಿನೋದನ ಗ್ಯಾರೇಜಿಗೆ ಒಯ್ದೆ. ವಿನೋದ ನನ್ನಷ್ಟಲ್ಲದಿದ್ದರೂ ತಕ್ಕಮಟ್ಟಿಗೆ ಬುರುಡೆ ಬಿಡಬಲ್ಲವ. ಗಾಡಿಯ ಕೆಳಗೆ ತೂರಿ, ಅಲ್ಲಲ್ಲಿ ತಟ್ಟಿ ನೋಡಿ, ಆಪರೇಶನ್ ಕೋಣೆಯಿಂದ ಹೊರಬಂದ ಡಾಕ್ಟರರ ಮುಖ ಮಾಡಿಕೊಂಡು ಎದ್ದ.

"ಚನ್ನಣ್ಣ, ಮುಂದಿಂದು ಸ್ಪ್ರಿಂಗ್ ಅಲ್ಲ, ಚಕ್ಕುಲಿ. ಹಿಂದಿನ ಪಾಟಾ ಹಪ್ಪಳ ಆಗಿ ಹೋಯ್ದು. ನೀವು ಗಾಡಿ ಓಡಿಸ್ತಾ ಇದ್ರೋ, ಸಂಜೆ ತಿಂಡಿ ಮಾಡ್ತಾ ಇದ್ರೋ?"

ಹಳೆಯವನ್ನು ಕಿತ್ತು, ಮುಂದಕ್ಕೆ ಹೊಸ ಸುರುಳಿ ಸ್ಪ್ರಿಂಗು, ಹಿಂದಕ್ಕೆ ಪಾಟಾ ಎಂಬ ಹೊಸ ಪಟ್ಟಿ ಸ್ಪ್ರಿಂಗು ಹಾಕಿದ. ಸಂಜೆ ಗಾಡಿಯನ್ನು ನೆಲಕ್ಕಿಳಿಸಿದಾಗ ನೋಡಬೇಕಿತ್ತು! ಮೀಸೆ ತಿರುವಿದ ಪಾಳೇಗಾರನ ಹಾಗೆ ನಿಂತಿತು. ಎಷ್ಟು ಎತ್ತರವೆಂದರೆ ಮನೆಗೆ ಬಂದಾಗ ನೀಲಗಂಗವ್ವ ಹತ್ತಲು ಮಣೆ ಕೇಳಿದಳು. ಆಚೆಮನೆಯ ನಾಯಿ ತನಗೆ ಇದುವರೆಗೆ ಮೋಸವಾಗಿತ್ತೆಂಬಂತೆ ಕೆಳಗಿನಿಂದ ಮೂರು ಸಲ ಆರಾಮಾಗಿ ಓಡಾಡಿತು.

ಆದರೆ ಹೊರಡುವಾಗ ವಿನೋದ ಒಂದು ಷರತ್ತು ಹಾಕಿದ್ದ. "ಹೊಸಾ ಸ್ಪ್ರಿಂಗು ಹೊಸಾ ಅಳಿಯ ಇದ್ದಂಗೆ. ಮೊದ್ಲಿಗೆ ಸೆಟೆದುಕೊಂಡೇ ಇರ್ತದೆ, ಮೇಲೆ ಭಾರ ಬಿದ್ದ ಮೇಲೇ ತಗ್ಗೋದು. ದಿನಾ ಹೊರೋ ಹಾಂಗೆ ಜನ ತುಂಬಿ. ಎಡಕ್ಕೂ ಬಲಕ್ಕೂ ಭಾರ ಸಮ ಇರ್ಲಿ. ಯಲ್ಲಾಪುರದವರೆಗೆ ಓಡಿಸಿ, ಅಲ್ಲಿ ನಮ್ ನಂದನನ ಹತ್ರ ಕಂಪ್ಯೂಟರಿನಲ್ಲಿ ಗಾಲಿ ಅಲೈನ್‌ಮೆಂಟ್ ಮಾಡ್ಸಿ. ಜನ ಕೂತಿದ್ದಾಗಲೇ ಮಾಡ್ಸಿ, ಮತ್ತೆ!"

ಮರಳಿನ ಚೀಲ ಹೇರಿದರೆ ಹಾದಿಯಲ್ಲಿ ಪೊಲೀಸರು ಹಿಡಿಯುತ್ತಾರೆ. ಜನರನ್ನು ಹೇರಿದರೆ ಯಾರೂ ಕೇಳುವುದಿಲ್ಲ. ಹಾಗಾಗಿ ನಾನು ಜನರ ತೂಕ ವಿಚಾರಿಸಲು ಹೊರಟೆ.

ಮೊದಲು ಆಚೆಮನೆಯ ಮಮತಕ್ಕ ಸಿಕ್ಕರು. ವಾನಳ್ಳಿ ಕಡೆಯಿಂದ ಬಂದು ಮನೆ ಕಟ್ಟಿಸಿದ, ಅಂಚೆ ಇಲಾಖೆಯ ನಿವೃತ್ತ ವಿಶ್ವೇಶ್ವರ ಹೆಗಡೇರ ಹೆಂಡತಿ. ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದರು.

"ಮಮತಕ್ಕ, ನಿಮ್ಮ ತೂಕ ಎಷ್ಟು?"

ಅವರ ಕೈಯಲ್ಲಿದ್ದ ಒದ್ದೆ ಪಂಚೆ ನೆಲಕ್ಕೆ ಬಿತ್ತು. "ಎಂತಕ್ಕೆ?"

ಒಬ್ಬ ಗೌರವಸ್ಥ ಹೆಂಗಸಿಗೆ, ನಿಮ್ಮನ್ನು ಭಾರವಾಗಿ ಹೇರಬೇಕಿದೆ ಎಂದು ಹೇಗೆ ಹೇಳುವುದು? ನಾನು ದನಿಯನ್ನು ತಗ್ಗಿಸಿ, ಗಂಭೀರವಾಗಿ ಹೇಳಿದೆ: "ಒಂದು ಒಳ್ಳೇ ಕೆಲಸಕ್ಕ. ಈಗ ಬಾಯಿಬಿಟ್ಟು ಹೇಳಂಗಿಲ್ಲ. ಆದಿತ್ಯವಾರ ಎಲ್ಲಾರೂ ಕೂಡಿ ಯಲ್ಲಾಪುರದ ಹಾದಿಗೆ ಹೋಗೂಣು."

ಯಲ್ಲಾಪುರದ ಹಾದಿಯಲ್ಲಿ ಭೈರುಂಬೆ ದಾಟಿದ ಮೇಲೆ ಕಲ್ಲೇಶ್ವರನ ಗುಡಿಯಿದೆ. ಹರಕೆ ಹೊತ್ತವರು ಅಲ್ಲಿ ತಮಗೆ ಬೇಕಾದವರನ್ನು ದೊಡ್ಡ ತಕ್ಕಡಿಯಲ್ಲಿ ಕೂಡಿಸಿ, ಅವರ ತೂಕದಷ್ಟು ಬೆಲ್ಲ ತೂಗಿ ದೇವರಿಗೆ ಒಪ್ಪಿಸುತ್ತಾರೆ. ಇದು ಆ ಗಳಿಗೆಯಲ್ಲಿ ನನ್ನ ತಲೆಗೆ ಹೊಳೆಯಲಿಲ್ಲ. ಮಮತಕ್ಕನಿಗೆ ಹೊಳೆಯಿತು.

ಅವರ ಕಣ್ಣು ತುಂಬಿತು. "ಗೊತ್ತಾತು, ಹೇಳ್ಬೇಡಿ. ಹರಕೆ ಮುಂಚೆ ಹೇಳಿದ್ರೆ ಫಲ ಇಲ್ಲೆ." ಆಮೇಲೆ ಸುತ್ತ ನೋಡಿ ಪಿಸುಗುಟ್ಟಿದರು: "ನಲವತ್ತೆಂಟು."

ಅವರ ಮನೆಯ ತೂಗುಮಣೆಯ ಕೊಂಡಿ ಒಂದೇ ವರ್ಷದಲ್ಲಿ ಎರಡು ಸಲ ಬದಲಾಗಿತ್ತು. ಆದರೂ ಹೆಂಗಸರ ಮಾತು ನಂಬುವುದು ನಮ್ಮ ಮನೆತನದ ಸಂಸ್ಕಾರ.

ಸಂಜೆ ಹೆಗಡೇರೇ ಬಂದರು. ಹೆಗಲ ಮೇಲೆ ಶಾಲು. "ಚನ್ನಯ್ಯ, ಅಷ್ಟು ವರ್ಷ ಇಲಾಖೆಯಲ್ಲಿ ಠಸ್ಸೆ ಹೊಡೆದೆ ಮಾರಾಯ. ಒಂದು ಹೂವಿನ ಹಾರ ಹಾಕಿದವರಿಲ್ಲೆ. ನೀನು ನನ್ನ ಬೆಲ್ಲದಲ್ಲಿ ತೂಗ್ತಿ! ತಲೇಲಿಟ್ಕೊ, ನನ್ನದು ತೊಂಬತ್ತೈದು ಕೆಜಿ."

ಹೆಗಡೇರ ದೇಹ ಎಂಥದ್ದೆಂದರೆ, ಗಾಳಿಮಳೆಯಲ್ಲಿ ಅವರು ಛತ್ರಿಯನ್ನು ಹಿಡಿಯುವುದಿಲ್ಲ, ಛತ್ರಿಯೇ ಅವರನ್ನು ಹಿಡಿದುಕೊಂಡಿರುತ್ತದೆ. ಅವರ ಮಾತು ಕೇಳಿ ನನಗೆ ಸಂಗತಿ ಏನೆಂದು ಗೊತ್ತಾಯಿತು. 'ಇಲ್ಲ ಹೆಗಡೇರೆ, ಸ್ಪ್ರಿಂಗಿಗೆ ಭಾರ ಬೇಕಿತ್ತು' ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು, "ಇಂಥ ದೊಡ್ಡ ಮನಸ್ಸು ಈ ಕಾಲದಲ್ಲಿ ಯಾರಿಗಿದ್ದು?" ಎಂದರು. ಹೊಗಳುವವರ ನಡುವೆ ಬಾಯಿ ಹಾಕುವುದು ಅಸಭ್ಯತನ. ತೆರೆದ ಬಾಯಿಗೆ ಒಂದು ಎಲೆಯಡಿಕೆ ಹಾಕಿಕೊಂಡೆ.

ಮರುದಿನ ಬೆಳಿಗ್ಗೆ ಹಾಲಿನವ ನೀರು ಬೆರೆಸದ ಹಾಲು ಕೊಟ್ಟ. ಬಡಾವಣೆಯ ಇತಿಹಾಸದಲ್ಲಿ ಅದು ಮೊದಲನೆಯ ಸಲ. ಅದನ್ನು ಕುಡಿದು ಇಬ್ಬರಿಗೆ ಹೊಟ್ಟೆ ಕೆಟ್ಟಿತು. ಕಿರಾಣಿ ಅಂಗಡಿಯವ ಎದ್ದು ನಿಂತು, "ಧಣಿ, ಎಷ್ಟು ಡಬ್ಬ ಬೆಲ್ಲ ತರಿಸ್ಲಿ?" ಎಂದು ಕೇಳಿದ. "ಹೇಳಿ ಕಳಸ್ತೀನಿ" ಎಂದು ನಾನು ಕೈ ಬೀಸಿ ಮುಂದೆ ನಡೆದೆ. ಆ ಕೈ ಬೀಸುವಿಕೆಯನ್ನು ನೀವು ನೋಡಬೇಕಿತ್ತು. ರಾಜಮಹಾರಾಜರು ನೋಡಿದ್ದರೆ ಕಲಿಯಲು ಬರುತ್ತಿದ್ದರು.

ಮನೆಯಲ್ಲಿ ನೀಲಗಂಗವ್ವ ಲಟ್ಟಣಿಗೆ ಹಿಡಿದೇ ಕಾದಿದ್ದಳು. "ಏನ್ರೀ, ಯಾರ ಹರಕಿ? ಯಾವಾಗ ಹೊತ್ರಿ? ಡಬ್ಬಿ ಬೋರಲು ಹಾಕಿ ಬಡದ್ರೂ ಚಹಾಕ್ಕ ಆಗೂವಷ್ಟು ಬೆಲ್ಲ ಇಲ್ಲ ಮನ್ಯಾಗ!"

"ಹರಕಿ ಅಲ್ಲ ನೀಲಾ. ನನಗ ಭಾರ ಬೇಕಾಗಿತ್ತು."

"ಯಾರು ಭಾರ? ನಾನಾ?"

"ನೀ ಒಬ್ಬಾಕಿ ಅಲ್ಲ. ಎಲ್ಲಾರೂ."

ಈ ಉತ್ತರದಿಂದ ಪರಿಸ್ಥಿತಿ ಸುಧಾರಿಸಲಿಲ್ಲ. ಲಟ್ಟಣಿಗೆಯ ಸುದ್ದಿ ಇಲ್ಲಿ ಬೇಡ. ಕೊನೆಗೆ ಸ್ಪ್ರಿಂಗಿನ ವಿಷಯ ಪೂರ್ತಿ ಕೇಳಿದ ಮೇಲೆ ಅವಳು ಹಣೆ ಒತ್ತಿಕೊಂಡಳು. "ಗಾಡಿ ನೆಟ್ಟಗಾಗ್ಲಿ, ಅದು ನಮ್ಮ ಹೊಟ್ಟಿ. ಆದ್ರ ಈ ಬೆಲ್ಲದ ಪುಕಾರು ನನ್ನ ತವರಿಗೆ ಮುಟ್ಟಬಾರ್ದು, ಹೇಳೀನಿ."

"ನಿನ್ನ ತೂಕ?" ಎಂದು ಕೇಳಿದೆ, ಕೆಲಸದವನು ಕೆಲಸ ಮರೆಯಬಾರದೆಂದು.

"ಐವತ್ತು" ಎಂದಳು, ಗೋಡೆಯ ಕಡೆ ತಿರುಗಿ.

ತವರಿಗೆ ಮುಟ್ಟಬಾರದು ಎಂದಾಗಲೇ ಅದು ಮುಟ್ಟಿ, ಬಸ್ಸು ಹತ್ತಿ, ಇಸಳೂರಿನ ಸ್ಟಾಪಿನಲ್ಲಿ ಇಳಿದಾಗಿತ್ತು. ಮಮತಕ್ಕನ ಫೋನಿಗೆ ನಮ್ಮ ಊರಿನ ಬಸ್ಸಿಗಿಂತ ವೇಗ ಹೆಚ್ಚು. ನಮ್ಮತ್ತೆ ರೇಷ್ಮೆ ಸೀರೆಯುಟ್ಟು, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬಂದರು. ಹಿಂದೆ ಸದಾಶಿವ.

"ಅಳಿಯಾ," ಅತ್ತೆ ನನ್ನ ಗದ್ದ ಹಿಡಿದರು, "ಲಗ್ನ ಆದಾಗಿಂದ ನಿನ್ನ ಬಗ್ಗೆ ಊರೂರು ತಿರುಗಿ ಆಡಿಕೊಂಡೀನಿ. ಎಲ್ಲಾ ವಾಪಸ್ ತಗೊಂಡೆ. ನನಗೇನು ಬಾಳ ಬೆಲ್ಲ ಬೇಕಾಗೂದಿಲ್ಲಪಾ. ನಾ ಹೂವು ಇದ್ದಂಗ ಇದೀನಿ. ನಲವತ್ತೈದು."

ಅತ್ತೆ ಬಂದು ಕೂತ ಪ್ಲಾಸ್ಟಿಕ್ ಕುರ್ಚಿಯ ಕಾಲುಗಳು ನಾಲ್ಕು ದಿಕ್ಕಿಗೆ ಹೊರಟಿದ್ದವು. ನಾನು ಆ ಕಡೆ ನೋಡಲಿಲ್ಲ.

"ನಂದು ತೊಂಬತ್ತು ಮಾಮಾ" ಎಂದ ಸದಾಶಿವ. ಅಗರಬತ್ತಿಯಂಥ ಮನುಷ್ಯ. ಅವನ ಬೆಲ್ಟು ಸೊಂಟವನ್ನು ಎರಡು ಸುತ್ತು ಸುತ್ತಿ ಇನ್ನೂ ಮಿಕ್ಕಿತ್ತು. "ಎಲ್ಲಾ ಎಲುಬಿನ ಭಾರ!"

ಆದಿತ್ಯವಾರ ನಾನು ಅವರವರು ಹೇಳಿದ ತೂಕದ ಪ್ರಕಾರ ಜನರನ್ನು ಕೂಡಿಸಿದೆ. ಸೋಮವಾರವೇ ಎಫ್‌ಸಿ, ಇನ್ನು ತಪ್ಪು ಮಾಡಲು ಸಮಯವಿರಲಿಲ್ಲ. ಎಡಕ್ಕೆ ವಾಲುವ ಹಳೆಯ ಚಟ ಮರಳದಿರಲೆಂದು ಭಾರದವರನ್ನೆಲ್ಲ ಬಲಕ್ಕಿಟ್ಟೆ: ನಾನು, ನನ್ನ ಹಿಂದೆ ಹೆಗಡೇರು, ಅವರ ಹಿಂದೆ ಸದಾಶಿವ. ಗಂಡಸರು ಹೇಳಿದ ತೂಕ ಕೇಳಿದರೆ ಆನೆಗಳ ಸಾಲು. ಎಡಕ್ಕೆ ಅತ್ತೆ, ಮಮತಕ್ಕ, ನೀಲಗಂಗವ್ವ, ಮೂರು ಮಲ್ಲಿಗೆ ಹೂವುಗಳು. ಹೂವಿನ ಕಡೆಗೆ ಭಾರ ಸಾಲದೆಂದು ಸ್ಟೆಪ್ನಿ ಗಾಲಿಯನ್ನೂ ಅವರ ಕಾಲಬುಡಕ್ಕೇ ಇಟ್ಟೆ. ಇದಕ್ಕಿಂತ ನ್ಯಾಯವಾದ ಹಂಚಿಕೆ ಯಾವ ಕೋರ್ಟಿನಲ್ಲೂ ಆಗಿರಲಾರದು.

ಬಡಾವಣೆಯವರೆಲ್ಲ ಗೇಟಿಗೆ ಬಂದು ಕೈಮುಗಿದರು. ಗಾಡಿ ಹೊರಟಿತು. ಹೊರಟದ್ದೇ ಎಡಕ್ಕೆ ವಾಲಿತು.

"ತಿರುವು ಇರಬೇಕು" ಎಂದುಕೊಂಡೆ. ರಸ್ತೆ ನೆಟ್ಟಗಿತ್ತು.

ಭೈರುಂಬೆ ದಾಟಿ ಕಲ್ಲೇಶ್ವರನ ಗುಡಿಯೂ ಹಿಂದೆ ಹೋದಾಗ ಒಳಗೆ ಗದ್ದಲವೆದ್ದಿತು. "ಗುಡಿ ಹೋತು! ಅಳಿಯಾ, ಗುಡಿ ಹೋತು!"

"ಸೊಟ್ಟ ಗಾಡಿ ತಗೊಂಡು ದೇವರ ಮುಂದ ಹೋಗಬಾರ್ದು ಅತ್ತಿ. ಮೊದಲ ಗಾಲಿ ನೆಟ್ಟಗಾಗ್ಲಿ, ತಿರುಗಿ ಬರಬೇಕಾದ್ರ ತುಲಾಭಾರ" ಎಂದೆ. "ಎಂಥ ಭಕ್ತಿ!" ಎಂದರು ಹೆಗಡೇರು. ನನಗೂ ಹಾಗೆಯೇ ಅನ್ನಿಸಿತು.

ಯಲ್ಲಾಪುರದ ನಂದನ ತನ್ನ ಕಂಪ್ಯೂಟರಿಗೆ ಊದುಬತ್ತಿ ಹಚ್ಚಿ, ನಾಲ್ಕೂ ಗಾಲಿಗೆ ಯಂತ್ರ ಸಿಕ್ಕಿಸಿದ. ಪರದೆಯ ಮೇಲೆ ಗೆರೆಗಳೆಲ್ಲ ಕೆಂಪಗೆ ಎದ್ದವು. ಅವನು ಬಗ್ಗಿ ನೋಡಿದ, ಎದ್ದು ನೋಡಿದ, ಕೊನೆಗೆ ತಲೆ ಕೊಡವಿದ.

"ಎಡಗಡೆ ಪೂರಾ ಕೂತುಬಿಟ್ಟಿದೆ. ಸ್ಪ್ರಿಂಗು ಡೂಪ್ಲಿಕೇಟು."

ವಿನೋದನಿಗೆ ಫೋನು ಹೋಯಿತು. ನಂದನ ಅದನ್ನು ಸ್ಪೀಕರಿಗೆ ಹಾಕಿದ.

"ಡೂಪ್ಲಿಕೇಟು ನಿನ್ ಕಂಪ್ಯೂಟರು!" ಎಂದಿತು ಫೋನು. "ನಾ ಹಾಕಿದ ಸ್ಪ್ರಿಂಗಿನ ಮೇಲೆ ಆನೆ ಕೂರಿಸು, ಅಲ್ಲಾಡೂದಿಲ್ಲ!"

"ಆನೆ ಎಲ್ಲೈತೆ ಮಾರಾಯ? ಎಡಗಡೆ ಮೂರು ಜನ ಹೆಂಗಸರು ಕೂತಿದ್ದಕ್ಕೇ ಹಿಂಗೆ!"

ಗಾಡಿಯೊಳಗೆ ಎಡಗಡೆಯ ಮೂವರೂ ಒಟ್ಟಿಗೇ ಸೆರಗು ಸರಿಮಾಡಿಕೊಂಡು ಕಿಟಕಿಯಾಚೆ ನೋಡತೊಡಗಿದರು.

"ಬಿಚ್ಚಿ ವಾಪಸ್ ಕಳಿಸ್ಬೇಕು ಚನ್ನಣ್ಣ" ಎಂದ ನಂದನ. "ನಾಳೆ ಎಫ್‌ಸಿ ಅಂದ್ರಾ? ಅದನ್ನ ಮರ್ತುಬಿಡಿ."

ನನಗೆ ಆಗಲೇ ಉಳ್ಳಾಗಡ್ಡಿಯ ವಾಸನೆ ಬಂದಂತಾಯಿತು. ಸದಾಶಿವ ಮಾತ್ರ ಚುರುಕಾದ. ಕಿಸೆಯಿಂದ ಅಳತೆಯ ಟೇಪು ತೆಗೆದು ಹಿಂದಿನ ಬಾಗಿಲನ್ನು ಅಳೆಯತೊಡಗಿದ. "ಇಲ್ಲಿ ಕೊಯ್ದರ ಬಾಣಲಿ ಬರೋಬ್ಬರಿ ಕುಂದರತದ ಮಾಮಾ. ಹೊಗಿ ಮ್ಯಾಲೆ ಹೋಗಾಕ ಒಂದು ತೂತು ಹೊಡೀಬೇಕಷ್ಟ."

ನನ್ನಂಥವನ ಬುದ್ಧಿ ಓಡುವುದೇ ಇಂಥ ಹೊತ್ತಿನಲ್ಲಿ. ಪಕ್ಕದಲ್ಲೊಂದು ಗುಜರಿ ಅಂಗಡಿಯಿತ್ತು. ಅದರ ಮುಂದೆ ಕಬ್ಬಿಣ ತೂಗುವ ದೊಡ್ಡ ಯಂತ್ರ, ಮೇಲೆ ಕೆಂಪು ದೀಪದ ಅಂಕಿಗಳು. ಸ್ಪ್ರಿಂಗು ಸುಳ್ಳೋ, ಅದರ ಮೇಲೆ ಕೂತವರು ಸುಳ್ಳೋ, ನೋಡಿಯೇ ಬಿಡೋಣ ಎಂದುಕೊಂಡೆ.

"ಎಲ್ಲಾರೂ ಕೆಳಗಿಳೀರಿ" ಎಂದು ಸಾರಿದೆ. "ಬೆಲ್ಲ ಇಲ್ಲೇ ಕೊಂಡುಬಿಡೂಣು. ಅಂದಾಜಿನ ಲೆಕ್ಕದಾಗ ದೇವರಿಗೆ ಕಡಿಮಿ ಆಗಬಾರ್ದು. ಒಬ್ಬೊಬ್ಬರಾಗಿ ಆ ಯಂತ್ರದ ಮ್ಯಾಲೆ ಹತ್ರಿ. ಅತ್ತಿ, ಹಿರಿಯಾರು, ಮೊದಲ ನೀವು."

ಗುಜರಿಯವ ಉತ್ಸಾಹದಿಂದ ಎದ್ದು ಬಂದ. "ಬರ್ರಿ, ಬರ್ರಿ! ಒಂದು ತೊಲಿ ಹೆಚ್ಚುಕಮ್ಮಿ ಆಗೂದಿಲ್ಲ. ಅಂಕಿ ಎಷ್ಟು ದೊಡ್ಡದು ನೋಡ್ರಿ, ರಸ್ತೆ ಆಚಿ ಹೋಟೆಲಿನಾಗ ಕುಂತವರಿಗೂ 'ಝಗ್' ಅಂತ ಕಾಣ್ತದ!"

ರಸ್ತೆಯಾಚೆ ಹೋಟೆಲಿನಲ್ಲಿ ಕುಂತವರು ನಿಜಕ್ಕೂ ಈ ಕಡೆ ತಿರುಗಿದರು.

ಅತ್ತೆ ಮೊಣಕಾಲು ಹಿಡಿದುಕೊಂಡರು. "ಎತ್ತರ ಏರಾಕ ಆಗೂದಿಲ್ಲಪಾ ನನಗ." ಯಂತ್ರದ ಎತ್ತರ ನಾಲ್ಕು ಬೆರಳು. ಮಮತಕ್ಕ, "ಗುಜರಿ ತೂಗುವ ಯಂತ್ರ, ಮಡಿ ಇಲ್ಲೆ" ಎಂದರು. ಹೆಗಡೇರು ಆಕಾಶ ನೋಡಿ, "ಊಟಕ್ಕೆ ಮುಂಚೆ ತೂಗಿದ್ರೆ ಆಯುಷ್ಯ ಕಮ್ಮಿ ಹೇಳ್ತಾರೆ" ಎಂದರು. ಸದಾಶಿವ ಟೇಪು ಸುತ್ತುತ್ತ, "ನಾ ಇವತ್ತು ಹಗುರ ಚಪ್ಪಲಿ ಹಾಕ್ಕೊಂಡು ಬಂದೀನಿ" ಎಂದ.

"ಹಂಗಾದ್ರ ಬೆಲ್ಲ ಹೆಂಗ ತರ್ಲಿ?" ನಾನು ಬಿಡಲಿಲ್ಲ.

ಆಗ ನೀಲಗಂಗವ್ವ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. "ನಾ ಏರ್ತೀನಿ. ನನ್ನ ಹಿಂದ ಒಬ್ಬೊಬ್ಬರೂ ಏರ್ರಿ. ನಾಚಿಕಿಗಿಂತ ಗಾಡಿ ದೊಡ್ಡದು." ಅವಳ ಒಂದು ಕಾಲು ಯಂತ್ರದ ಮೇಲೆ ಬಿತ್ತು. ಅರ್ಧ ಭಾರಕ್ಕೇ ಕೆಂಪು ಅಂಕಿಗಳು ಗಾಬರಿಯಿಂದ ಓಡತೊಡಗಿದವು.

ಮಗಳ ಹಿಂದಿನ ಪಾಳಿ ತಮ್ಮದೆಂದು ಅತ್ತೆಗೆ ಹೊಳೆಯಿತು. "ಏ ನೀಲಾ, ಇಳಿ!" ಎಂದು ಅವರು ಕೂಗಿದ ಕೂಗಿಗೆ ಗುಜರಿಯ ತಗಡುಗಳು ನಡುಗಿದವು. "ಆ ಹಾಳು ಯಂತ್ರ ಬ್ಯಾಡ. ನಾ ಗಾಡ್ಯಾಗ ಹತ್ತಿ ಕುಂದರ್ತೀನಿ. ಆದ್ರ ಎಡಗಡೆ ಬಾಳ ಬಿಸಿಲು, ನಾ ಬಲಗಡೆ ಕುಂದರ್ತೀನಿ." ಗಾಡಿ ತಗಡಿನ ಮಾಡಿನ ಕೆಳಗಿತ್ತು. ಅಲ್ಲಿಗೆ ಬಿಸಿಲು ಬಂದು ವರ್ಷಗಳಾಗಿರಬೇಕು.

ಮೊಣಕಾಲು ನೋವಿನ ಅತ್ತೆ ಜಿಂಕೆಯ ಹಾಗೆ ಹಾರಿ ಬಲಗಡೆ ಕೂತರು. ಗಾಡಿ 'ಕಿರ್' ಎಂದು ಸದ್ದು ಮಾಡಿ ಎಡಭುಜವನ್ನು ಮೇಲೆತ್ತಿತು.

"ನಾನು ಎಡಕ್ಕೆ ಬತ್ತಿ, ಅಲ್ಲಿ ಗಾಳಿ ಚಲೋ ಬತ್ತು" ಎಂದು ಹೆಗಡೇರು ಹೆಂಡತಿಗೆ ಹೇಳಿ ಅತ್ತೆಯ ಜಾಗಕ್ಕೆ ತೂರಿಕೊಂಡರು. ಸದಾಶಿವನಿಗೆ ಎಡಗಡೆಯ ಕಿಟಕಿಯಿಂದ ಊರು ಚೆಂದ ಕಾಣಿಸತೊಡಗಿತು, ಅವನೂ ಜಾಗ ಬದಲಿಸಿದ. ಮಮತಕ್ಕ ಎಡಗಡೆಯ ತಮ್ಮ ಹಳೆಯ ಜಾಗದಲ್ಲೇ ಕೂತರು. ನೀಲಗಂಗವ್ವ ಯಂತ್ರದಿಂದ ಕಾಲು ತೆಗೆದು ತಾಯಿಯ ಹಿಂದೆ ಬಲಗಡೆ ಹೋಗಿ ಕೂತಳು, ನಾನೂ ಸ್ಟೀರಿಂಗು ಹಿಡಿದು ಕೂತೆ. ಸ್ಟೆಪ್ನಿ ಗಾಲಿ ಮಾತ್ರ ಒಂದೂ ನೆಪ ಹೇಳದೆ ಇದ್ದಲ್ಲೇ ಇತ್ತು. ತೂಕದ ಬಗ್ಗೆ ಯಾರೂ ಒಂದಕ್ಷರ ಮಾತಾಡಲಿಲ್ಲ.

ಗಾಡಿ ನೆಟ್ಟಗೆ ನಿಂತಿತು! ಎಷ್ಟು ನೆಟ್ಟಗೆಂದರೆ, ಅದರ ಪಕ್ಕದಲ್ಲಿ ನಂದನನ ಅಂಗಡಿಯೇ ವಾಲಿದಂತೆ ಕಂಡಿತು. ಅವನು ಕೆಳಗೆ ತೂರಿ ಮುಂದಿನ ಗಾಲಿಗಳ ದಿಕ್ಕು ಹೊಂದಿಸುವ ಟೈ ರಾಡನ್ನು ಅಷ್ಟು ಇಷ್ಟು ತಿರುಗಿಸಿದ. ಪರದೆಯ ಗೆರೆಗಳು ಒಂದೊಂದಾಗಿ ಹಸಿರಾದವು.

"ನಾನು ಒಂದು ಬಟನ್ ಒತ್ತಿದೆ, ಸರಿಯಾಯ್ತು" ಎಂದ ನಂದನ.

"ನಾ ಹೇಳಿರ್ಲಿಲ್ವಾ?" ಎಂದಿತು ಇನ್ನೂ ಕತ್ತರಿಸದ ಫೋನು.

ಕೀರ್ತಿಯನ್ನು ಇಬ್ಬರೂ ಹಂಚಿಕೊಳ್ಳಲಿ ಎಂದು ಬಿಟ್ಟೆ. ನನ್ನಲ್ಲಿ ಅದು ಬೇಕಾದಷ್ಟಿದೆ.

ತಿರುಗಿ ಬರುವಾಗ ಕಲ್ಲೇಶ್ವರನ ಗುಡಿ ಕಂಡಿತು. ನಾನು ಬ್ರೇಕ್ ಒತ್ತಿದೆ. "ಇಳೀರಿ, ತುಲಾಭಾರ."

"ನಿಲ್ಲಸಬ್ಯಾಡೋ ಅಳಿಯಾ!" ಅತ್ತೆ ಹಿಂದಿನಿಂದ ನನ್ನ ಅಂಗಿ ಹಿಡಿದರು.

"ಮಾತು ಕೊಟ್ಟೀನಿ ಅತ್ತಿ. ಚನ್ನಯ್ಯ ಮಾತಿಗೆ ತಪ್ಪುವ ಮನಶ್ಯಾ ಅಲ್ಲ."

"ನಮ್ಮ ತೂಕ ದೇವರಿಗೆ ಗೊತ್ತಿದ್ದೇ ಅಲ್ದಾ?" ಹೆಗಡೇರು ಬೆವರು ಒರೆಸಿಕೊಂಡರು. "ಮತ್ತೆ ತೂಗಿ ತೋರಿಸಿದ್ರೆ ದೇವರ ಮೇಲೆ ಅಪನಂಬಿಕೆ ಆಗ್ತು ಮಾರಾಯ. ಒಂದು ಕಾಯಿ ಒಡೆದುಬಿಡು, ಸಾಕು."

ನಾನು ಒಪ್ಪಲಿಲ್ಲ. ಅವರು ಬೇಡಿಕೊಂಡರು. ನಾನು ಹಟ ಹಿಡಿದೆ. ಅವರು ಕೈಮುಗಿದರು. ದಾನ ಮಾಡಲು ಬಿಡದ ಲೋಕದ ಬಗ್ಗೆ ದೊಡ್ಡ ನಿಟ್ಟುಸಿರು ಬಿಟ್ಟು ಒಂದು ತೆಂಗಿನಕಾಯಿ ಒಡೆದೆ. ಚನ್ನಯ್ಯ ಬೆಲ್ಲದಲ್ಲಿ ತೂಗಲು ತಯಾರಿದ್ದ, ಇವರೇ ಬೇಡವೆಂದರು ಎಂಬ ಸುದ್ದಿ ಇಸಳೂರಿನಲ್ಲಿ ಹರಡಿದ ಮೇಲೆ ನನ್ನ ಹೆಸರು ಎಷ್ಟು ಏರಿತೆಂದರೆ, ನಿಜವಾಗಿ ತೂಗಿದ್ದರೂ ಅಷ್ಟು ಏರುತ್ತಿರಲಿಲ್ಲ.

ಸೋಮವಾರ ಇನ್ಸ್‌ಪೆಕ್ಟರ್ ಸಾಹೇಬರು ಗಾಡಿಯ ಮುಂದೆ ಬಂದು ಅಭ್ಯಾಸಬಲದಿಂದ ತಲೆಯನ್ನು ಎಡಕ್ಕೆ ವಾಲಿಸಿದರು. ಎದುರಿಗೆ ಗಾಡಿ ನೆಟ್ಟಗಿತ್ತು. ಕತ್ತು ಸರಿಮಾಡಿಕೊಂಡು, ಅನುಮಾನದಿಂದ ಒಳಗೆ ಕೂತು, ಮೈದಾನದ ಈ ತುದಿಯಿಂದ ಹೊರಟರು. ನಡುವೆ ಸ್ಟೀರಿಂಗಿನಿಂದ ಎರಡೂ ಕೈ ತೆಗೆದರು. ಗಾಡಿ ನೂಲು ಹಿಡಿದಂತೆ ನೇರ ಹೋಯಿತು. ಅವರು ಬ್ರೇಕ್ ಹಾಕದಿದ್ದರೆ ಹುಬ್ಬಳ್ಳಿ ಮುಟ್ಟುತ್ತಿತ್ತು.

"ಏನ್ರೀ ಇದು, ಅದೇ ಗಾಡೀನಾ?" ಇಳಿದು ಬಂದು ಕೇಳಿದರು.

"ಅದ ಗಾಡಿ ಸರ್. ಭಾರ ಹಾಕಿ ಕೂಡಿಸೀವಿ."

"ಪಾಸ್!" ಎಂದರು.

ಶಿರಸಿಯಿಂದ ಇಸಳೂರಿನವರೆಗೆ ಹಾರ್ನಿನಿಂದ ಕೈ ತೆಗೆಯಲಿಲ್ಲ. ಬಡಾವಣೆಯ ತಿರುವಿನಲ್ಲಿ ಹೆಗಡೇರು ಶಾಲು ಬೀಸಿದರು. ನೀಲಗಂಗವ್ವ ಆರತಿ ಹಿಡಿದು ಗೇಟಿಗೆ ಬಂದಳು, ನನಗಲ್ಲ, ಗಾಡಿಗೆ. ಮದುವೆಯ ಸಮಯಕ್ಕೆ ಎರಡು ಬಾಡಿಗೆ ಅಲ್ಲೇ ಗೊತ್ತಾದವು.

ಸದಾಶಿವ ಚೀಲ ಹಿಡಿದು ಮೂಲೆಯಲ್ಲಿ ನಿಂತಿದ್ದ. ಬನವಾಸಿಯ ಬಸ್ಸು ಹೋಗಿಬಿಟ್ಟಿತ್ತು. "ಮಾಮಾ, ಊರಿಗೆ ಬಿಡ್ತೀಯೇನು?"

"ಹತ್ತು" ಎಂದೆ, ಗೆದ್ದವನ ಔದಾರ್ಯದಿಂದ.

ಅವನು ಬಾಗಿಲು ಸರಿಸಿ, ಒಳಗೆ ಒಂದು ಕಾಲಿಟ್ಟು, ನಿಂತುಬಿಟ್ಟ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಆಮೇಲೆ ಬಹಳ ಸಣ್ಣ ದನಿಯಲ್ಲಿ ಕೇಳಿದ: "ಯಾವ ಕಡೆ ಕುಂದರ್ಲಿ ಮಾಮಾ?"

ಕೂಡಿದ ಜನವೆಲ್ಲ ಕೇಳುವ ಹಾಗೆ ನಾನು ಹೇಳಿದೆ: "ಎಲ್ಲಿ ಬೇಕಾದ್ರೂ ಕುಂದರಪಾ. ನೀ ಹತ್ತಿದ್ದು ಗಾಡಿಗೆ ಗೊತ್ತಾಗಬೇಕಲ್ಲ!"